ಬೆಳ್ಳಿಕುಂಟೆಯ ಶಜರಾ

ಬೀದರಿನಿಂದ ಬಂದು ತಿಂಗಳ ಮೇಲಾಯಿತು. ಶಜರಾವನ್ನು ಇನ್ನೂ ಪೆಟ್ಟಿಗೆಗೆ ಸೇರಿಸಿಲ್ಲ. ಒಂಬತ್ತನೇ ತರಗತಿಯ ಪ್ರಬಂಧ ಪುಸ್ತಕಗಳ ಪಕ್ಕದಲ್ಲಿ, ಬಿಚ್ಚಿದ್ದು ಬಿಚ್ಚಿದಂತೆಯೇ ಮೇಜಿನ ಮೇಲಿದೆ. ತಿದ್ದಬೇಕಾದ ಪುಸ್ತಕ ಬಿಟ್ಟು ನನ್ನ ಕಣ್ಣು ಮತ್ತೆ ಮತ್ತೆ ಅದರ ಕಡೆಗೇ ಹೋಗುತ್ತದೆ.

ಶಜರಾ ಎಂದರೆ ಅರಬ್ಬಿಯಲ್ಲಿ ಮರ. ನಮ್ಮ ಮನೆಗಳಲ್ಲಿ ವಂಶಾವಳಿಯ ಕಾಗದಕ್ಕೆ ಇದೇ ಹೆಸರು. ನಮ್ಮದು ಅಜ್ಜನ, ನಾವು ದಾದಾ ಎನ್ನುವವರ, ತಗಡಿನ ಪೆಟ್ಟಿಗೆಯಲ್ಲಿ, ಜಮೀನಿನ ಪಹಣಿಗಳ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ಅವರ ತಂದೆ ಇನ್ನೂ ಹಳೆಯದೊಂದರಿಂದ ನಕಲು ಮಾಡಿಸಿದ್ದರಂತೆ. ಮರವೆಂದು ಹೆಸರಾದರೂ ಇದರ ಬೇರು ಮೇಲಿದೆ, ಕೊಂಬೆಗಳು ಕೆಳಕ್ಕಿಳಿಯುತ್ತವೆ. ತುದಿಯಲ್ಲಿ ಒಬ್ಬರ ಹೆಸರು, ಅದರ ಮುಂದೆ 'ನೀಶಾಪುರಿ' ಎಂಬ ಮಾತು, ಇರಾನಿನ ನೀಶಾಪುರದವರು ಎಂದು. ನಾಲ್ಕು ತಲೆಮಾರು ಇಳಿದರೆ 'ಬಿಜಾಪುರ' ಎಂದು ಬರೆದಿದೆ. ಅಲ್ಲಿಂದ ಕೆಳಗೆ ಗೆದ್ದಲು ತಿಂದ ತೂತು, ಅಂಗೈ ಅಗಲ. ತೂತು ದಾಟಿದರೆ ಅಲೀಪುರ, ದಾದಾ ಅವರ ಅಜ್ಜ, ದಾದಾ, ಅಬ್ಬಾ, ನನ್ನ ಇಬ್ಬರು ತಮ್ಮಂದಿರು. ಹದಿನಾಲ್ಕು ತಲೆಮಾರು. ಚಿಕ್ಕವಳಿದ್ದಾಗ ದಾದಾ ಇದನ್ನು ನನಗೆ ಬಾಯಿಪಾಠ ಮಾಡಿಸಿದ್ದರು. ಈಗಲೂ ತೂತಿನ ಜಾಗ ಬಿಟ್ಟು ಉಳಿದ ಹೆಸರುಗಳನ್ನೆಲ್ಲ ಉಸಿರು ಕಟ್ಟದೆ ಹೇಳಬಲ್ಲೆ.

ನಮ್ಮ ಅಲೀಪುರ ಗೌರಿಬಿದನೂರು ತಾಲ್ಲೂಕಿನದು. ರೈಲಿನಲ್ಲಿ ಬರುವವರು ತೊಂಡೇಭಾವಿಯಲ್ಲಿ ಇಳಿಯುತ್ತಾರೆ. ಊರಿಗೆ ಮೊದಲು ಬೆಳ್ಳಿಕುಂಟೆ ಎಂಬ ಹೆಸರಿತ್ತೆಂದು ಹಿರಿಯರು ಹೇಳುತ್ತಾರೆ. ಹೆಚ್ಚಿನ ಮನೆಗಳು ಶಿಯಾ ಮುಸ್ಲಿಮರವು. ಮನೆಯೊಳಗೆ ದಖನಿ, ಹೊರಗೆ ಕನ್ನಡ, ಸಂತೆಯಲ್ಲಿ ತೆಲುಗೂ ನಡೆಯುತ್ತದೆ. ಹರಳುಕಲ್ಲಿನ ವ್ಯಾಪಾರ ಊರಿನ ಹೊಟ್ಟೆಪಾಡು. ಮೊಹರಂ ಬಂತೆಂದರೆ ಊರಿಗೆ ಊರೇ ಕಪ್ಪು ಉಡುತ್ತದೆ, ಬೀದಿಯ ಮೇಲೆ ಕಪ್ಪು ಬಾವುಟಗಳು ಏಳುತ್ತವೆ, ದೂರದೂರದ ಪೇಟೆಗಳಲ್ಲಿರುವ ಮಕ್ಕಳೆಲ್ಲ ಮನೆಗೆ ಬರುತ್ತಾರೆ. ಪತ್ರಿಕೆಯವರು ನಮ್ಮೂರನ್ನು 'ಮಿನಿ ಇರಾನ್' ಎಂದು ಬರೆಯುವುದುಂಟು. ಮಕ್ಕಳು ಧರ್ಮಶಾಸ್ತ್ರ ಓದಲು ಕೋಮ್ ನಗರಕ್ಕೆ, ಡಾಕ್ಟರಿ ಓದಲು ತೆಹ್ರಾನಿಗೆ ಹೋಗುತ್ತಾರೆ. ಎಂಬತ್ತರ ದಶಕದಲ್ಲಿ ಇರಾನಿನ ಅಲಿ ಖಮೇನಿ ನಮ್ಮೂರಿಗೆ ಬಂದಿದ್ದನ್ನು ಹಿರಿಯರು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾರೆ.

ಹೀಗಾಗಿ 'ನೀವು ಇರಾನಿನವರಾ?' ಎಂಬ ಪ್ರಶ್ನೆ ನನಗೆ ಹೊಸದಲ್ಲ. ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ತರಬೇತಿಗೆ, ಮೌಲ್ಯಮಾಪನಕ್ಕೆ ಹೋದ ಕಡೆಯಲ್ಲೆಲ್ಲ ಯಾರಾದರೊಬ್ಬರು 'ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ಮೇಡಂ' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಆ ಮಾತು ಕೇಳಿದಾಗಲೆಲ್ಲ ನನ್ನನ್ನು ಮನೆಯ ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟಂತಾಗುತ್ತದೆ. ಇನ್ನೊಂದು ಕಡೆ, ನೀಶಾಪುರಿ ಎಂಬ ಆ ಮಾತಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಎರಡೂ ನಿಜ.

2025ರ ಜೂನ್ 13ರಂದು ಇರಾನಿನ ಮೇಲೆ ಬಾಂಬು ಬಿದ್ದ ಸುದ್ದಿ ಬಂದಾಗ ನಮ್ಮೂರಿನ ಮಕ್ಕಳು ಅಲ್ಲಿದ್ದರು. ಆ ದಿನಗಳಲ್ಲಿ ಬೀದಿಯಲ್ಲಿ ಜೋರು ಮಾತೇ ಇರಲಿಲ್ಲ. ಕಲ್ಲು ಉಜ್ಜುವ ಚಕ್ರಗಳ ಸದ್ದು ಕೂಡ ಕಡಿಮೆಯಾದಂತಿತ್ತು. ಫೋನ್ ತಗಲಿತೇ, ಇಲ್ಲವೇ ಎಂಬುದೇ ಮನೆಮನೆಯ ಮಾತು. ಸರ್ಕಾರ 'ಆಪರೇಷನ್ ಸಿಂಧು' ಎಂದು ವಿಮಾನ ಕಳಿಸಿ ಮಕ್ಕಳನ್ನು ಕರೆತಂದಿತು. ಅದರ ಬೆನ್ನಿಗೇ ಮೊಹರಂ. ಆ ಸಲದ ಮಜ್ಲಿಸಿನ ಶೋಕಸಭೆಯಲ್ಲಿ ಕರ್ಬಲಾದ ತಾಯಂದಿರ ಮಾತು ಬಂದಾಗ ಹೆಂಗಸರ ಕಡೆಯಿಂದ ಎದ್ದ ಅಳು ನಾನು ಎಂದೂ ಕೇಳದಂಥದು.

ನಾನು, ದೊಡ್ಡ ತಮ್ಮ, ನಮ್ಮ ಸೋದರತ್ತೆ ಫೂಫಿ ಮೂವರೂ ಆ ವರ್ಷದ ಕೊನೆಗೆ ಮಶ್ಹದ್‌ಗೆ ಜಿಯಾರತ್ ಎಂಬ ಪುಣ್ಯಯಾತ್ರೆಗೆ ಹೋಗಲು ದುಡ್ಡು ಕೂಡಿಸಿಟ್ಟಿದ್ದೆವು. ಮಶ್ಹದ್‌ನಿಂದ ನೀಶಾಪುರಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. ಆ ಮಣ್ಣು ಮುಟ್ಟಿ ಬರಬೇಕೆಂಬುದು ಅಬ್ಬಾ ಅವರ ಆಸೆಯಾಗಿತ್ತು. ಯುದ್ಧದಿಂದ ಅದು ನಿಂತಿತು. ತಮ್ಮ ಮಂಕಾಗಿ ಕೂತಿದ್ದಾಗ ಫೂಫಿ ಎಲೆಯಡಿಕೆ ಕುಟ್ಟುತ್ತ ಹೇಳಿದರು: "ಮೊದಲು ಬಿಜಾಪುರ ನೋಡ್ಕೊಂಡು ಬನ್ನಿ. ನಡುಮನೆಯನ್ನೇ ನೋಡದೋರು ಹಿತ್ತಲಿಗೆ ಹೋಗಿ ಏನು ಹುಡುಕ್ತೀರಿ?" ಅವರಿಗೆ ಎಂಬತ್ತನಾಲ್ಕು ವರ್ಷ. ಗೌರಿಬಿದನೂರು ದಾಟಿ ಹೋದದ್ದೇ ಕಡಿಮೆ.

ಡಿಸೆಂಬರಿನಲ್ಲಿ ರಜೆ ಹಾಕಿ ನಾನೂ ತಮ್ಮನೂ ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಕು ಹರಿದಾಗ ಕಿಟಕಿಯಾಚೆ ಬೇರೆ ಲೋಕ. ನಮ್ಮ ಕಡೆ ಎತ್ತ ನೋಡಿದರೂ ಬಂಡೆ. ಒಂದರ ಮೇಲೊಂದು ಇಟ್ಟಂತೆ ಕೂತ ಗುಂಡುಗಳು, ಅವುಗಳ ಸಂದಿಯಲ್ಲಿ ಕೆಮ್ಮಣ್ಣು, ನೀಲಗಿರಿ ತೋಪು, ದ್ರಾಕ್ಷಿ ಚಪ್ಪರ. ಇಲ್ಲಿ ಕಣ್ಣಿಗೆ ತಡೆಯೇ ಇಲ್ಲ. ಕಪ್ಪು ಎರೆಮಣ್ಣು, ಜೋಳ, ತೊಗರಿ, ಆಮೇಲೆ ಆಕಾಶ. ಅಡಗಿಕೊಳ್ಳಲು ಎಡೆಯಿಲ್ಲದ ಈ ಬಯಲಿನಿಂದ ಬಂದವರು ನಮ್ಮ ಗುಡ್ಡಗಳ ನಡುವಿನ ಒಂದು ಕುಂಟೆಯ ಬದಿಯನ್ನು ಏಕೆ ಆರಿಸಿಕೊಂಡರೆಂದು ಆ ಬೆಳಿಗ್ಗೆ ಸ್ವಲ್ಪ ಅರ್ಥವಾದಂತಾಯಿತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಬಿಜಾಪುರ ಸೋತು, ಕೊನೆಯ ಸುಲ್ತಾನ ಸಿಕಂದರ ಸೆರೆಯಾದ. ಆಶ್ರಯ ಕೊಟ್ಟ ಅರಮನೆ ಬಿದ್ದ ಮೇಲೆ ದಕ್ಷಿಣದ ಕಡೆ ನಡೆದವರ ಕೂಟದಲ್ಲಿ ನಮ್ಮವರೂ ಇದ್ದರೆಂಬುದು ಮನೆಯ ಮಾತು. ಶಜರಾದ ತೂತು ಸರಿಯಾಗಿ ಆ ನಡಿಗೆಯ ಜಾಗದಲ್ಲೇ ಇದೆ.

ಊರಿನ ಹೆಸರು 2014ರಿಂದ ವಿಜಯಪುರ. ನಮ್ಮ ಬಾಯಿಗೆ ಬರುವುದು ಬಿಜಾಪುರವೇ. ಗೋಲಗುಂಬಜಿನ ಒಳಗೆ ಶಾಲೆಯ ಮಕ್ಕಳು ಕೂಗಿ ಕೂಗಿ ಪ್ರತಿಧ್ವನಿ ಎಣಿಸುತ್ತಿದ್ದರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಲು ಎಳೆದದ್ದು ಇಬ್ರಾಹಿಂ ರೋಜಾದ ಕಡೆಗೆ. ಎತ್ತರದ ಜಗಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಗೋಡೆಯ ಮೇಲೆಲ್ಲ ಅಕ್ಷರ. ಕಿಟಕಿಯ ಜಾಲರಿಯೂ ಅಕ್ಷರವೇ. ಕಲ್ಲನ್ನು ಕೊರೆದು ಅಕ್ಷರ ಉಳಿಸಿದ್ದಾರೆ, ಬೆಳಕು ಅವುಗಳ ಸಂದಿಯಿಂದ ಒಳಗೆ ಬರುತ್ತದೆ. ಮುಟ್ಟಿ ನೋಡಬೇಕೆನಿಸಿತು, ಮುಟ್ಟಲಿಲ್ಲ.

ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1627ರಲ್ಲಿ ತೀರಿಕೊಂಡ. ಪ್ರಜೆಗಳು ಅವನನ್ನು ಜಗದ್ಗುರು ಎಂದರು. ಅವನ 'ಕಿತಾಬ್-ಎ-ನೌರಸ್' ಸರಸ್ವತಿಯನ್ನೂ ನೆನೆಯುತ್ತದೆ. ಆದರೆ ಈ ಕಟ್ಟಡದ ಬಾಗಿಲ ಮೇಲಿನ ಬರಹ ಹೇಳುವುದು ಅವನ ಬೇಗಂ ತಾಜ್ ಸುಲ್ತಾನಾಳ ಹೆಸರನ್ನು. ಅವಳಿಗಾಗಿ ಮಲಿಕ್ ಸಂದಲ್ ಎಂಬಾತ ಕಟ್ಟಿಸಿದ್ದು. ರಾಜ ಆಮೇಲೆ ಅದೇ ಸೂರಿನ ಕೆಳಗೆ ಬಂದು ಮಲಗಿದ. ಒಳಗೆ ಅವನ ಜೊತೆ ಹೆಂಡತಿ, ತಾಯಿ, ಮಗಳು ಇದ್ದಾರೆ. ಅವರ ಹೆಸರುಗಳನ್ನು ಹೇಳುತ್ತ ಕಾವಲಿನ ಮುದುಕರು ಒಂದೊಂದು ಗೋರಿಯ ಮುಂದೆಯೂ ಕೈ ಕಟ್ಟಿ ನಿಂತರು. ನಾವು ಅಲೀಪುರದವರೆಂದು ಕೇಳಿ ಅವರ ಮುಖ ಅರಳಿತು. "ಹಂಗಾದ್ರ ನೀವು ಇಲ್ಲಿಯವ್ರೇ ಅಲ್ರೀ! ಎಲ್ಲಿ ಹೋಗಿದ್ರಿ ಇಷ್ಟು ದಿನ?" ಎಂದರು. ಮುನ್ನೂರು ವರ್ಷವನ್ನು ಅವರು ನಾಲ್ಕು ದಿನದ ಮಾತಿನಂತೆ ಆಡಿದ್ದು ಕೇಳಿ ತಮ್ಮ ನಕ್ಕ. ನನ್ನ ಗಂಟಲು ಕಟ್ಟಿತು.

ಆ ಸಂಜೆ ತಂಗಿದ್ದ ಕೋಣೆಯಲ್ಲಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಕೂತಾಗ ಇತಿಹಾಸಕಾರ ಫಿರಿಶ್ತಾನ ಮಾತು ಬಂತು. ಕಾಸ್ಪಿಯನ್ ಸಮುದ್ರದ ಕಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಿಜಾಪುರದಲ್ಲಿ ಕೂತು ದಖನಿನ ಚರಿತ್ರೆ ಬರೆದವನು ಅವನು. ಆದಿಲ್ ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಖಾನ್ ಇರಾನಿನ ಸಾವೆಯಿಂದ ಬಂದವನೆಂದು ಹೇಳುತ್ತಾನೆ. ಭಾರತದಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಮೊದಲು ಸಾರಿದವನೂ ಯೂಸುಫನೇ. ಇದನ್ನು ನಮ್ಮೂರಿನ ಎಳೆ ಹುಡುಗನೂ ಹೇಳುತ್ತಾನೆ. ನನಗೆ ಆವರೆಗೆ ಲಕ್ಷ್ಯಕ್ಕೆ ಬಾರದಿದ್ದದ್ದು ಬೇರೊಂದು. ಯೂಸುಫ್ ಮದುವೆಯಾದದ್ದು ಮುಕುಂದರಾವ್ ಎಂಬ ಮರಾಠಾ ನಾಯಕನ ತಂಗಿಯನ್ನು. ಅರಮನೆಯಲ್ಲಿ ಅವಳಿಗೆ ಬೂಬೂಜಿ ಖಾನಂ ಎಂದು ಹೆಸರು. 1510ರಲ್ಲಿ ಯೂಸುಫ್ ತೀರಿಕೊಂಡ ಮೇಲೆ ಮಗ ಇಸ್ಮಾಯಿಲ್ ಇನ್ನೂ ಹುಡುಗ. ಕಮಾಲ್ ಖಾನ್ ಎಂಬ ಸರದಾರ ಸಿಂಹಾಸನಕ್ಕೆ ಕೈ ಹಾಕಿದಾಗ ಕೋಟೆಯೊಳಗೆ ನಿಂತು ಮಗನ ಗದ್ದುಗೆ ಉಳಿಸಿದವರು ಅವಳು ಮತ್ತು ಯೂಸುಫನ ಸಾಕುತಂಗಿ ದಿಲ್‌ಶಾದ್ ಆಗಾ. ಆಮೇಲೆ ಗದ್ದುಗೆಯೇರಿದ ಆದಿಲ್ ಶಾಹಿಗಳೆಲ್ಲ ಆ ಮರಾಠಾ ಹೆಣ್ಣುಮಗಳ ಪೀಳಿಗೆ.

"ಅಂದ್ರೆ ಎರಡನೇ ತಲೆಮಾರಿಗೇ ಅರ್ಧ ಇರಾನಿ ಹೋಯ್ತು ಆಪಾ," ಎಂದ ತಮ್ಮ. ಲೆಕ್ಕದ ಮನುಷ್ಯ. ಮೂರನೆಯದಕ್ಕೆ ಕಾಲು, ನಾಲ್ಕನೆಯದಕ್ಕೆ ಅರೆಕಾಲು ಎಂದು ಬೆರಳು ಮಡಿಸುತ್ತ ಹೋಗಿ ಹದಿನಾಲ್ಕಕ್ಕೆ ಬರುವ ಮೊದಲೇ ನಿಲ್ಲಿಸಿಬಿಟ್ಟ.

ಮರುದಿನ ತೊರವಿಯ ಕಡೆ ಹೋದೆವು. ಕನ್ನಡದ ಮೇಷ್ಟ್ರಿಗೆ ಅದು ತೊರವೆ. ರಾಮಾಯಣವನ್ನು ಕನ್ನಡದ ಷಟ್ಪದಿಯಲ್ಲಿ ಹಾಡಿದ ಕುಮಾರವಾಲ್ಮೀಕಿಯ ಊರು, ಅವನ ಇಷ್ಟದೈವ ನರಸಿಂಹನ ಊರು. ಹತ್ತನೇ ತರಗತಿಗೆ ಕಾವ್ಯ ಪಾಠ ಮಾಡುವಾಗ ಆ ಹೆಸರನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಇಬ್ರಾಹಿಂ ತನ್ನ ಹೊಸ ಪಟ್ಟಣ ನೌರಸಪುರವನ್ನು 1599ರಲ್ಲಿ ಕಟ್ಟಿಸತೊಡಗಿದ್ದೂ ಇಲ್ಲಿಯೇ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಈಗ ಸಂಗೀತ ಮಹಲಿನ ಕಮಾನು ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಆದರೆ ನಾವು ಹೋದದ್ದು ಕಮಾನು ನೋಡಲು ಅಲ್ಲ, ಸುರಂಗ ಬಾವಡಿ ನೋಡಲು.

ಅದು ಹೊರಗೆ ಕಾಣುವ ಸೊಬಗಿನದಲ್ಲ. ನೆಲದಲ್ಲಿ ಒಂದು ದೊಡ್ಡ ಬಾಯಿ, ಕೆಳಗೆ ಕತ್ತಲಿಗೆ ಹೋಗುವ ಸುರಂಗ. ನಾವು ಬಾವಿ ಎನ್ನುವುದು ಕೆಳಕ್ಕೆ ಇಳಿಯುವುದನ್ನು. ಇದು ಅಡ್ಡಕ್ಕೆ ಹೋಗುವ ಬಾವಿ. ಎತ್ತರದ ನೆಲದಲ್ಲಿ ಅಂತರ್ಜಲ ಸಿಗುವ ತನಕ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ನೆಲದೊಳಗೇ ಸುರಂಗ ಕೊರೆಯುತ್ತಾರೆ, ನೀರು ತಾನಾಗಿ ಜಾರುವಷ್ಟು ಮಾತ್ರ ಇಳಿಜಾರು ಕೊಟ್ಟು. ನಡುನಡುವೆ ಮೇಲಿನಿಂದ ಬಾವಿಯಂಥ ಕಂಡಿಗಳು: ಗಾಳಿಗೆ, ಬೆಳಕಿಗೆ, ಹೂಳು ಎತ್ತುವುದಕ್ಕೆ. ಏತ ಬೇಡ, ಎತ್ತು ಬೇಡ, ಮೋಟರಂತೂ ಬೇಡ. ಬಿಸಿಲಿಗೆ ಆರದೆ ನೀರು ಊರು ಸೇರುತ್ತದೆ. ಇರಾನಿನಲ್ಲಿ ಇದು ಕನಾತ್, ಕರೇಜ್. ಅಲ್ಲಿನ 11 ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳಲ್ಲಿ ಮುಖ್ಯವಾದ ಗೋನಾಬಾದಿನದು ನೀಶಾಪುರ ಇರುವ ಪ್ರಾಂತ್ಯದಲ್ಲೇ ಇದೆ. ಆದಿಲ್ ಶಾಹಿಗಳ ಕಾಲದಲ್ಲಿ ಇರಾನಿನ ಆ ವಿದ್ಯೆ ತೊರವಿಯ ನೆಲಕ್ಕೆ ಬಂತು, ಇಲ್ಲಿನ ನೀರು ಬಿಜಾಪುರದ ಅರಮನೆಗೂ ಕೇರಿಗೂ ಹರಿಯಿತು.

ಬಗ್ಗಿ ನೋಡುತ್ತ ನಿಂತಿದ್ದಾಗ ನಮ್ಮೂರು ಕಣ್ಣ ಮುಂದೆ ಬಂತು. ನಮ್ಮ ರೈಲು ನಿಲ್ಲುವ ಊರಿನ ಹೆಸರಲ್ಲಿ ಬಾವಿಯಿದೆ, ನಮ್ಮೂರಿನ ಹಳೆಯ ಹೆಸರಲ್ಲಿ ಕುಂಟೆಯಿದೆ. ನೀರು ಮಾತ್ರ ಸಾವಿರ ಅಡಿಯ ಕೆಳಗೆ ಹೋಗಿದೆ. ಅಬ್ಬಾ ಹುಡುಗರಾಗಿದ್ದಾಗ ಸೇದುವ ಬಾವಿಯಿತ್ತು. ನನ್ನ ಮದುವೆಯ ವರ್ಷ ಬೋರ್‌ವೆಲ್ ಕೊರೆಸಿದರು. ಅದು ಬತ್ತಿ ಇನ್ನೊಂದು, ಅದೂ ಬತ್ತಿ ಮತ್ತೊಂದು. ಬಂದ ನೀರಿನಲ್ಲಿ ಫ್ಲೋರೈಡ್. ನಮ್ಮ ತಾಲ್ಲೂಕಿನ ಮಕ್ಕಳ ಹಲ್ಲಿನ ಕಂದು ಕಲೆಯನ್ನು ದಿನವೂ ತರಗತಿಯಲ್ಲಿ ನೋಡುತ್ತೇನೆ. ಈಗ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಎತ್ತಿನಹೊಳೆಯ ನೀರು ಬರುವುದೆಂದು ಕಾಯುತ್ತಿದ್ದೇವೆ. ಆ ನೀಶಾಪುರಿ ಮುತ್ತಜ್ಜ ಕತ್ತಿ ಹಿಡಿದು ಬಂದನೋ ಕಿತಾಬು ಹಿಡಿದು ಬಂದನೋ ಎಂದು ನಮ್ಮ ಮನೆಯಲ್ಲಿ ಆಗಾಗ ವಾದ ನಡೆಯುತ್ತಿತ್ತು. ಗುದ್ದಲಿ ಹಿಡಿದು ಬಂದಿರಬಹುದೆಂದು ಯಾರೂ ಹೇಳಿದ್ದಿಲ್ಲ. ಹಾಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅಲ್ಲಿ ಅನ್ನಿಸಿತು.

ಇಷ್ಟು ದೂರ ಬಂದ ಮೇಲೆ ಬೀದರನ್ನೂ ನೋಡಿಬಿಡೋಣವೆಂದು ಬಸ್ಸಿನಲ್ಲಿ ಹೋದೆವು. ಕಪ್ಪು ಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆ ಶುರುವಾದಾಗ ತಮ್ಮ ನಿದ್ದೆಯಿಂದ ಎದ್ದು "ಮನೆ ಮಣ್ಣು" ಎಂದ. ಬಣ್ಣ ಒಂದೇ, ಗುಣ ಬೇರೆ. ನಮ್ಮದು ಕೈಯಲ್ಲಿ ಪುಡಿಯಾಗುತ್ತದೆ. ಇಲ್ಲಿನದು ತೂತು ತೂತಿನ ಕಲ್ಲು, ಗಾಳಿಗೆ ಗಟ್ಟಿಯಾಗುತ್ತದೆ.

ಮಹಮೂದ್ ಗವಾನನ ಮದರಸಾದ ಎದುರು ತಮ್ಮ ತುಂಬ ಹೊತ್ತು ನಿಂತ. ಇರಾನಿನ ಗೀಲಾನಿನಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದು, ಬಹಮನಿಗಳ ದಿವಾನನಾಗಿ, 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದವನು ಗವಾನ್. ಮೂರು ಅಂತಸ್ತು, ಉಳಿದ ಒಂದು ಮಿನಾರು, ಗೋಡೆಯ ಮೇಲೆ ಅಲ್ಲಲ್ಲಿ ಉಳಿದ ಬಣ್ಣದ ಹೆಂಚು. ಅರ್ಧ ಭಾಗ 1696ರಲ್ಲಿ ಮದ್ದಿನ ಪುಡಿ ಸಿಡಿದು ಬಿದ್ದುಹೋಯಿತು. ತಮ್ಮ ತನ್ನ ಉಂಗುರವಿದ್ದ ಬೆರಳನ್ನು ಹೆಂಚಿನ ಕಡೆ ಚಾಚಿ ಒಂದು ಕಣ್ಣು ಮುಚ್ಚಿದ. ಉಂಗುರದಲ್ಲಿ ಫಿರೋಜಾ ಇದೆ, ಅಬ್ಬಾ ಅವರದು. ಫಿರೋಜಾಕ್ಕೆ ಹೆಸರಾದದ್ದು ನೀಶಾಪುರದ ಗಣಿಯೇ.

"ಅದೇ ನೀಲಿ ನೋಡು ಆಪಾ," ಎಂದ.

"ನಿನ್ನದು ಹಸಿರಿಗೆ ತಿರುಗಿದೆಯಲ್ಲೋ."

"ಅದಕ್ಕೇ ಅದು ಅಸಲಿ." ಅವನ ದನಿ ವ್ಯಾಪಾರದ ದನಿಯಾಯಿತು. "ಬಿಳಿ ಕಲ್ಲಿಗೆ ಬಣ್ಣ ಹಾಕಿ ಫಿರೋಜಾ ಅಂತ ಮಾರ್ತಾರೆ. ಅದು ಹಾಗೇ ಇರುತ್ತೆ, ಬದಲಾಗಲ್ಲ. ಅಸಲಿ ಕಲ್ಲು ಹಾಕ್ಕೊಂಡೋರ ಮೈಯ ಎಣ್ಣೆ, ಬೆವರು ಎಲ್ಲಾ ಹೀರ್ಕೊಳ್ಳುತ್ತೆ. ವರ್ಷ ಕಳೆದ ಹಾಗೆ ಬಣ್ಣ ತಿರುಗುತ್ತೆ. ಅಬ್ಬಾ ಹತ್ತಿರ ಬಂದಾಗ ಇದು ಆಕಾಶದ ಬಣ್ಣ ಇತ್ತು."

ಗವಾನನ ಕೊನೆ ನಮಗಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ಬಹಮನಿ ದರಬಾರಿನಲ್ಲಿ ಹೊರಗಿನಿಂದ ಬಂದವರು ಆಫಾಕಿಗಳು, ಇಲ್ಲಿಯೇ ಬೇರುಬಿಟ್ಟವರು ದಖನಿಗಳು. ಇಬ್ಬರ ನಡುವಿನ ಹಗೆಯಲ್ಲಿ ಒಂದು ಸುಳ್ಳು ಪತ್ರ ಹುಟ್ಟಿತು, 1481ರಲ್ಲಿ ಸುಲ್ತಾನ ಆ ಮುದಿ ದಿವಾನನ ತಲೆ ಕಡಿಸಿದ. ಇಪ್ಪತ್ತೆಂಟು ವರ್ಷ ಈ ನಾಡಿಗೆ ದುಡಿದರೂ ಅವನು ಹೊರಗಿನವನಾಗಿಯೇ ಉಳಿದ. ಜಗುಲಿಯ ಮೇಲೆ ಕೂತು ನೀರು ಕುಡಿದವರಲ್ಲಿ ನಾನು ಮೊದಲಿನವಳಲ್ಲ.

ಬೀದರಿನ ಪಕ್ಕದ ಅಷ್ಟೂರಿನ ಗುಮ್ಮಟಗಳ ಹತ್ತಿರ ಮಧ್ಯಾಹ್ನ ತಲುಪಿದೆವು. ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣದು. ಬಾಗಿಲ ಬಳಿ ಕೂತಿದ್ದವರೊಬ್ಬರು ಎದ್ದು, ಹೊರಗೆ ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಒಳಕ್ಕೆ ಕಳಿಸಿದರು. ಬೆಳಕಿನ ತುಣುಕು ಗುಮ್ಮಟದ ಒಳಮೈ ಮೇಲೆ ಮೆಲ್ಲಗೆ ಓಡಿತು. ಓಡಿದ ಕಡೆಯಲ್ಲೆಲ್ಲ ಚಿನ್ನ, ಕುಂಕುಮದ ಕೆಂಪು, ನೀಲಿ. ಆರುನೂರು ವರ್ಷದ ಹಿಂದೆ ಇರಾನಿನ ಕಜ್ವೀನಿನ ಶುಕ್ರುಲ್ಲಾ ಎಂಬ ಚಿತ್ರಕಾರ ಬರೆದ ಬಣ್ಣಗಳು. 1436ರಲ್ಲಿ ತೀರಿಕೊಂಡ ಈ ಸುಲ್ತಾನ ಇರಾನಿನ ಮಾಹಾನಿನ ಸಂತ ಶಾಹ ನಿಅಮತುಲ್ಲಾನನ್ನು ಗುರುವೆಂದು ನಂಬಿದ್ದವನು. ಆ ಸಂತನ ಮಗ, ಮೊಮ್ಮಗ ಬೀದರಿಗೆ ಬಂದು ನೆಲೆಸಿದರು. ಗುರುಪರಂಪರೆಯ ಶಜರಾ ಇದೇ ಗುಮ್ಮಟದ ಒಳಗೆ ಅಕ್ಷರದಲ್ಲಿದೆ. ಕನ್ನಡಿಯ ಬೆಳಕು ಅದರ ಮೇಲೆ ನಿಂತಾಗ ನಾನು ಎರಡು ಮೂರು ಹೆಸರು ಕೂಡಿಸಿ ಓದಿದೆ, ಆಮೇಲೆ ಬೆಳಕು ಜಾರಿತು. ಅದೂ ಗಂಡಸರ ಪಟ್ಟಿ. ಆಗಲೇ ಏನೋ ಚುಚ್ಚಿತು. ಏನೆಂದು ತಿಳಿಯಲು ಇನ್ನೊಂದು ದಿನ ಬೇಕಾಯಿತು.

"ಇಲ್ಲಿ ಜಾತ್ರಿಗೆ ಜಂಗಮರು ಬರ್ತಾರ್ರೀ, ಮಾಡ್ಯಾಳದಿಂದ," ಎಂದರು ಕನ್ನಡಿಯವರು. "ಅವರು ಬಂದ ಮ್ಯಾಲೇ ಉರುಸು. ಲಿಂಗಾಯತ ಮಂದಿಗಿ ಇವರು ಅಲ್ಲಮಪ್ರಭು, ನಮಗ ವಲಿ." ಹೇಳುವಾಗ ಅವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಕನ್ನಡಿಯನ್ನು ಅಂಗಿಯ ಚುಂಗಿನಿಂದ ಒರೆಸಿ ಜೇಬಿಗೆ ಹಾಕಿಕೊಂಡರು.

ಮರುದಿನ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಈ ಹಬ್ಬವಿಲ್ಲ, ಗೊತ್ತೂ ಇರಲಿಲ್ಲ. ನೌಬಾದಿನ ಕರೇಜ್ ನೋಡಲು ಹೊರಟರೆ ಊರೆಲ್ಲ ಬುಟ್ಟಿ ಹೊತ್ತು ಹೊಲಗಳ ಕಡೆ ನಡೆಯುತ್ತಿದೆ. ನೌಬಾದಿನ ಕರೇಜ್ ಬಹಮನಿಗಳ ಕಾಲದ್ದು. ಸುಮಾರು ಮೂರು ಕಿಲೋಮೀಟರ್ ಉದ್ದ, ಗಾಳಿಕಂಡಿಗಳು 21. ಶತಮಾನಗಳ ಹೂಳಿನಲ್ಲಿ ಮರೆತೇ ಹೋಗಿದ್ದ ಇದನ್ನು ಹತ್ತು ಹನ್ನೆರಡು ವರ್ಷದ ಹಿಂದೆ ಕೇರಳದ ಭೂಗೋಳದ ಮೇಷ್ಟ್ರು ಗೋವಿಂದನ್‌ಕುಟ್ಟಿಯವರು ನಕ್ಷೆಗೆ ತಂದರು, ಬೀದರಿನವರು ಹೂಳೆತ್ತಿಸಿದರು. ವಿಶ್ವ ಸ್ಮಾರಕ ನಿಧಿಯು ದಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಕಾಪಾಡಲೇಬೇಕಾದ ತಾಣಗಳ ತನ್ನ 2020ರ ಪಟ್ಟಿಗೆ ಸೇರಿಸಿತು. ಪಕ್ಕದ ಹಳ್ಳಿಯ ಹೆಸರು ಅಲಿಯಾಬಾದ್. ಫಲಕ ಕಂಡು ತಮ್ಮ ಫೋಟೊ ತೆಗೆದು ಊರಿನ ಗುಂಪಿಗೆ ಕಳಿಸಿದ. ಕಂಡಿಯೊಂದರ ಬಾಯಿಗೆ ಕಿವಿ ಹಿಡಿದೆ. ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ಹಸಿ ಮಣ್ಣಿನ ವಾಸನೆಯೊಂದಿಗೆ.

ಹೊಲದ ಬದುವಿನಲ್ಲಿ ನಡೆದು ಬರುವಾಗ ಒಬ್ಬ ಅಜ್ಜಿ ಕೂಗಿದರು. "ಏ ಯವ್ವಾ, ಹಂಗ ಹೊಂಟ್ರಿ ಎಲ್ಲಿ? ಇವತ್ತ ಹೊಲಕ್ಕ ಬಂದವ್ರು ಉಣ್ಣದ ಹೋಗಬಾರ್ದು. ಬರ್ರಿ, ಕುಂಡ್ರಿ." ಜೋಳದ ದಂಟಿನ ಗೂಡು ಕಟ್ಟಿ ಒಳಗೆ ಕಲ್ಲುಗಳನ್ನಿಟ್ಟು ಪೂಜೆ ಮುಗಿಸಿದ್ದರು. ಸುತ್ತ ಇಪ್ಪತ್ತು ಮಂದಿ, ನೆಂಟರು, ಅಕ್ಕಪಕ್ಕದವರು. ನನ್ನ ಕಪ್ಪು ಬುರ್ಖಾ ನೋಡಿ ಯಾರೂ ಸರಿದು ಕೂರಲಿಲ್ಲ. ಪಕ್ಕದಲ್ಲಿ ಜಾಗ ಮಾಡಿದರು. ಕೈಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹಸಿಕಡಲೆ, ತೊಗರಿ, ಅವರೆ, ಸೊಪ್ಪು, ಹುಣಸೆಹುಳಿ, ಹೊಲದಲ್ಲಿ ಆಗ ಸಿಗುವ ಹಸಿರೆಲ್ಲ ಒಂದೇ ಗಡಿಗೆಯಲ್ಲಿ ಬೆಂದು ಕರಗಿದ್ದು. ಜೊತೆಗೆ ಗಟ್ಟಿ ಅಂಬಲಿ.

ಒಂದು ತುತ್ತಿಗೇ ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯ ಮೊಹರಂ ಖಿಚಡಾದ ವಾಸನೆ. ಖಿಚಡಾ ಎಂದರೆ ಗೋಧಿ, ಬೇಳೆಗಳು, ಮಾಂಸ ಸೇರಿ ರಾತ್ರಿಯಿಡೀ ಬೇಯುವುದು. ಆದರೆ ನಮ್ಮ ಮನೆಯಲ್ಲಿ ಒಣ ಅವರೆಯನ್ನು ಹಿಂದಿನ ದಿನವೇ ನೆನೆಹಾಕಿ, ಸಿಪ್ಪೆ ಹಿತಕಿ, ಅದನ್ನೂ ಹಾಕುತ್ತಾರೆ. ಹೈದರಾಬಾದಿನ ನೆಂಟರು ಪ್ರತಿ ವರ್ಷವೂ ಇದನ್ನು ಕೇಳುತ್ತಾರೆ: ಇದ್ಯಾವ ಪದ್ಧತಿ? ಯಾರಲ್ಲೂ ಉತ್ತರವಿರಲಿಲ್ಲ. ಅವರೆಯ ಸೊಗಡಿಲ್ಲದ ಖಿಚಡಾ ನಮಗೆ ಖಿಚಡಾ ಅನ್ನಿಸುವುದೇ ಇಲ್ಲ.

ಅಜ್ಜಿ ನನ್ನ ಪಕ್ಕ ಕೂತು, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿ, ಕೇಳಿದರು.

"ನಿನ್ನ ತವರ ಯಾವ್ದವ್ವಾ?"

"ಅಲೀಪುರಾನೇ ಅಜ್ಜಿ. ಅತ್ತೆಮನೆಯೂ ಅದೇ."

"ನಿಮ್ಮವ್ವನ ತವರ?"

"ಅದೂ ಅಲೀಪುರ."

"ಅಕಿ ಅವ್ವನ್ದು?"

"ದೊಡ್ಡಬಳ್ಳಾಪುರ."

"ಅಕಿ ಅವ್ವನ್ದು?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಹದಿನಾಲ್ಕು ತಲೆಮಾರು ಬಾಯಿಪಾಠ ಮಾಡಿದವಳು ನಾಲ್ಕನೇ ಮೆಟ್ಟಿಲಿಗೇ ನಿಂತುಬಿಟ್ಟೆ. ಅಜ್ಜಿ ಅದನ್ನು ದೊಡ್ಡದು ಮಾಡಲಿಲ್ಲ, "ಇರ್ಲಿ, ಉಣ್ಣು" ಎಂದು ತಮ್ಮ ತವರಿನ ಮಾತು ಶುರುಮಾಡಿದರು. ಅವರ ಅಮ್ಮನದು, ಅಜ್ಜಿಯದು, ಮುತ್ತಜ್ಜಿಯದು, ಒಂದೊಂದು ಊರು, ಆ ಊರಿನ ಬಾವಿ, ದೇವರು, ಹೊಲ. ಅಕ್ಷರ ಕಲಿತವರಲ್ಲ. ಅವರ ಶಜರಾ ಅವರ ಬಾಯಲ್ಲಿತ್ತು.

ಅಷ್ಟೂರಿನಲ್ಲಿ ಚುಚ್ಚಿದ್ದು ಏನೆಂದು ಆಗ ತಿಳಿಯಿತು. ಬಸ್ಸಿನಲ್ಲಿ ಕೂತು ಶಜರಾದ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ನೂರಕ್ಕೂ ಹೆಚ್ಚು ಹೆಸರು, ಒಂದೂ ಹೆಣ್ಣಿನದಲ್ಲ. ಅಮ್ಮಿ ಇಲ್ಲ. ನನಗೆ ದಖನಿ ಕಲಿಸಿದ ಅಜ್ಜಿ, ನಮ್ಮ ದಾದಿ, ಇಲ್ಲ. ಕನ್ನಡದ ಅ ಆ ಇ ಈ ಮನೆಗೆ ಮೊದಲು ತಂದ ಫೂಫಿ ಇಲ್ಲ. ನಾನೂ ಇಲ್ಲ. ಚಿಕ್ಕಂದಿನಿಂದ ಓದಿದ ಕಾಗದದಲ್ಲಿ ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎದುರು ಸೀಟಿನಲ್ಲಿ ತಮ್ಮ ಉಂಗುರ ತಿರುಗಿಸುತ್ತ ಕೂತಿದ್ದ. ತೋರಿಸಿದೆ. ಎರಡು ಸಲ ಮೇಲಿನಿಂದ ಕೆಳಕ್ಕೆ ನೋಡಿ, "ಹೌದಲ್ಲ ಆಪಾ," ಎಂದ. ಕಲಬುರಗಿ ಬರುವ ತನಕ ಮತ್ತೆ ಮಾತಾಡಲಿಲ್ಲ.

ಆ ನೀಶಾಪುರಿ ಹಡಗಿನಲ್ಲಿ ಬಂದಿರಬೇಕು, ಒಬ್ಬಂಟಿಯಾಗಿಯೇ ಬಂದಿರಬೇಕು. ಆಮೇಲೆ ಯಾವುದೋ ಮನೆಯವರು ಅವನನ್ನು ಜಗುಲಿಯಿಂದ ಒಳಗೆ ಕರೆದಿದ್ದಾರೆ, ಮಗಳನ್ನು ಕೊಟ್ಟಿದ್ದಾರೆ. ಅವಳ ಭಾಷೆ ಯಾವುದು, ಮರಾಠಿಯೋ ಕನ್ನಡವೋ ತೆಲುಗೋ? ಅವನ ಮಕ್ಕಳು ಮೊದಲು ತೊದಲಿದ್ದು ಅವನ ಮಾತನ್ನಲ್ಲ, ಅವಳದನ್ನು. ಮನೆಗೆ ಬಂದವಳೇ ನಾನು ಫೂಫಿಯ ಮುಂದೆ ಶಜರಾ ಹರವಿದೆ. ಅವರೆಕಾಯಿಯ ಕಾಲ. ಮೊರದ ತುಂಬ ನೆನೆದ ಕಾಳು ಇಟ್ಟುಕೊಂಡು ಹಿತಕುತ್ತ ಕೂತಿದ್ದರು.

"ಫೂಫಿ, ನಿಮ್ಮ ಅಜ್ಜಿ ಹೆಸರೇನು?"

"ಹೆಸರೆಲ್ಲಿ ಕರೀತಿದ್ರು? ನಗರಗೆರೆಯವಳು ಅಂತಿದ್ರು." ಕಾಳು ಚಿಮ್ಮಿ ಬಟ್ಟಲಿಗೆ ಬಿತ್ತು. "ಅವಳ ಅತ್ತೆ ಮಂಚೇನಹಳ್ಳಿಯವಳು. ಅದಕ್ಕೆ ಮೇಲಿನವಳು ಹಿಂದೂಪುರದವಳು, ತೆಲುಗು ಜಾಸ್ತಿ ಬರ್ತಿತ್ತಂತೆ, ಮರ್ಸಿಯಾ ಓದುವಾಗಲೂ ತೆಲುಗಿನ ರಾಗಾನೇ ಎಳೀತಿದ್ಲಂತೆ. ಅವಳ ಅತ್ತೆ ಚನ್ನಪಟ್ಟಣದವಳು."

ಪೆನ್ಸಿಲ್ ತಂದು ಪ್ರತಿ ಹೆಸರಿನ ಬಲಕ್ಕೆ ಒಂದೊಂದು ಊರು ಬರೆಯುತ್ತ ಹೋದೆ. ದಾದಾ ಅವರ ಕಾಗದದ ಮೇಲೆ ಬರೆಯುತ್ತಿದ್ದೇನೆಂದು ಕೈ ಸ್ವಲ್ಪ ನಡುಗಿತು. ಫೂಫಿ ತಡೆಯಲಿಲ್ಲ. ಊರುಗಳು ಏರುತ್ತ ಏರುತ್ತ ತೂತಿನ ಅಂಚಿಗೆ ಬಂದವು.

"ಅದರ ಮೇಲೆ?"

"ಗೊತ್ತಿಲ್ಲ ಮಗಾ." ಹಿತಕುವ ಕೈ ನಿಂತಿತು. "ಒಂದು ಮಾತ್ರ ನಮ್ಮ ಅಜ್ಜಿ ಹೇಳ್ತಿದ್ಲು. ಬಿಜಾಪುರದಿಂದ ಬಂದೋರು ಇಲ್ಲಿ ಮೊದಲ ಮೊಹರಂ ಮಾಡಿದಾಗ ಹಗೇವಲ್ಲಿ ಗೋಧಿ ಇರಲಿಲ್ಲವಂತೆ. ಮನೆಗೆ ಹೊಸದಾಗಿ ಬಂದಿದ್ದ ಸೊಸೆ ತವರಿಗೆ ಹೋಗಿ ಮಡಿಲಲ್ಲಿ ಅವರೆ ಕಟ್ಕೊಂಡು ಬಂದ್ಲಂತೆ. ಅವಳು ಹಾಕಿದ್ದನ್ನೇ ನಾವೂ ಹಾಕ್ತಾ ಬಂದಿದ್ದೀವಿ."

"ಅವಳು ಯಾವ ಊರಿನವಳು?"

"ಹೋಗಿ ತಂದು ಅದೇ ದಿನ ಬೇಯಿಸಿದ್ಲು ಅಂದ್ಮೇಲೆ," ಫೂಫಿ ಮತ್ತೆ ಕಾಳಿಗೆ ಕೈ ಹಾಕಿದರು, "ನಡೆದು ಹೋಗಿ ಬರೋ ದೂರದವಳೇ."

ತೂತಿನ ಪಕ್ಕದಲ್ಲಿ ಅದನ್ನೂ ಬರೆದುಕೊಂಡೆ.